ಮುಚ್ಚಿಹೋದ ಪ್ರಕಾಶನ, ಹಕ್ಕು ಯಾರದು? ವಕೀಲರನ್ನು ಕೇಳಿ

ಧಾರವಾಡದ ಸದಸ್ಯ: ನಮಸ್ಕಾರ ಮೇಡಂ. ನಮ್ಮ ಅಜ್ಜನ ಕಾದಂಬರಿ 1961ರಲ್ಲಿ ಬಂದಿತ್ತು. ಅಜ್ಜ 1972ರಲ್ಲಿ ತೀರಿಕೊಂಡರು. ಪ್ರಕಾಶನ ಮುಚ್ಚಿ ಎಷ್ಟೋ ವರ್ಷವಾಯಿತು. ಪುಸ್ತಕದಲ್ಲಿ ‘ಹಕ್ಕುಗಳು ಪ್ರಕಾಶಕರವು’ ಅಂತಿದೆ. ಟ್ರಂಕಿನಲ್ಲಿ ಪ್ರಕಾಶಕರು ಅಜ್ಜನಿಗೆ ಬರೆದ ಕಾರ್ಡು ಸಿಕ್ಕಿತು: ‘ಮೊದಲ ಮುದ್ರಣ 1000 ಪ್ರತಿ. ಸಂಭಾವನೆ 150 ರೂ. ಮನಿಯಾರ್ಡರ್ ಮಾಡಿದೆ.’ ಮತ್ತೆ ಅಚ್ಚು ಹಾಕಿಸಬಹುದಾ?

ವಕೀಲರು: ಮೊದಲು ಆ ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದಿಡಿ, ಅಂಚೆ ಮುದ್ರೆ ಕಾಣುವ ಹಾಗೆ. ಲೇಖಕರು ತೀರಿದ ಮರುವರ್ಷದಿಂದ 60 ವರ್ಷ ಎಣಿಸಬೇಕು. ಅಂದರೆ 2032ರ ಕೊನೆಯವರೆಗೆ ಹಕ್ಕು ಇದೆ. ಯಾರದು ಅನ್ನುವುದೇ ಕಗ್ಗಂಟು. ಪುಸ್ತಕದಲ್ಲಿ ಅಚ್ಚಾದ ಒಂದು ಸಾಲು ಸಾಲದು. ಹಕ್ಕು ಬರೆದುಕೊಟ್ಟಿದ್ದರೆ ಅಜ್ಜನ ಸಹಿ ಇರುವ ಕಾಗದ ಬೇಕು. ಕಾರ್ಡಿನಲ್ಲಿರುವುದು ಪ್ರಕಾಶಕರ ಸಹಿ, ಅದೂ ಒಂದೇ ಮುದ್ರಣದ ಮಾತು. ನಿಮಗೆ ಅನುಕೂಲವೇ. ಆದರೆ ಕರಾರು ಅವರ ಕಡೆ ಇದ್ದರೆ? ಸಂಸ್ಥೆ ಪಾಲುದಾರಿಕೆಯದಾಗಿ, ನೋಂದಣಿ ಆಗಿದ್ದರೆ, ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ಪಾಲುದಾರರ ಹೆಸರು ಹುಡುಕಿ. ಅಂಗಡಿ ಮುಚ್ಚಿದರೆ ಹಕ್ಕು ಸಾಯುವುದಿಲ್ಲ, ಅವರ ಮಕ್ಕಳಿಗೆ ಹೋಗಿರಬಹುದು. ಗೋದಾಮಿನ ಪುಸ್ತಕ ತೂಕಕ್ಕೆ ಕೊಂಡವರಿಗೆ ಮಾತ್ರ ಹೋಗಿರುವುದಿಲ್ಲ. ಹಕ್ಕು ನಿಮ್ಮ ಮನೆಯದೇ ಅಂತಾದರೆ ಅಜ್ಜನ ಹೆಣ್ಣುಮಕ್ಕಳ ಸಹಿಯೂ ಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ.

ತುಮಕೂರಿನ ಸದಸ್ಯ: ‘ಪ್ರಕಾಶನ ಮುಚ್ಚಿ 10 ವರ್ಷ ಆದ್ರೆ ಪುಸ್ತಕ ಎಲ್ಲರ ಸೊತ್ತು’ ಅಂತ ಫಾರ್ವರ್ಡ್ ಬಂದಿದೆ.

ವಕೀಲರು: ಸುಳ್ಳು. ಹಂಚಬೇಡಿ.

ತುಮಕೂರಿನ ಸದಸ್ಯ: ಕರಾರು 5 ವರ್ಷಕ್ಕೆ ಮುಗಿಯುತ್ತೆ ಅಂತಲೂ ಇದೆ.

ವಕೀಲರು: ಅದು 1995ರಿಂದ ಈಚಿನ, ಅವಧಿ ಬರೆಯದ ಕರಾರುಗಳಿಗೆ. 1961ಕ್ಕಲ್ಲ. ಅರ್ಧ ಓದಿ ಕಳಿಸಬೇಡಿ ಸ್ವಾಮಿ.

ಮೈಸೂರಿನ ಸದಸ್ಯೆ: ‘ಹಕ್ಕುದಾರರು ಸಿಗಲಿಲ್ಲ, ಇದ್ದರೆ ತಿಳಿಸಿ’ ಅಂತ ಪುಸ್ತಕದಲ್ಲಿ ಹಾಕಿದರೆ ಸಾಕಲ್ವಾ?

ವಕೀಲರು: ಸಾಲದು. ಕೃತಿಸ್ವಾಮ್ಯ ಕಾಯ್ದೆಯ 31ಎ ಕಲಮಿನಡಿ ಪರವಾನಗಿಗೆ ಅರ್ಜಿ ಹಾಕಬೇಕು. ಅದಕ್ಕೂ ಮೊದಲು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ.

ಶಿವಮೊಗ್ಗದ ಸದಸ್ಯ: ಇಷ್ಟೆಲ್ಲ ಯಾಕೆ? ನಾನು 40 ಪುಸ್ತಕ ಪಿಡಿಎಫ್ ಮಾಡಿ ಹಾಕಿದ್ದೇನೆ. ಕನ್ನಡದ ಸೇವೆ.

ಮೈಸೂರಿನ ಸದಸ್ಯೆ: ಸೇವೆಯಂತೆ! ಬರೆದವರ ಮನೆಯವರನ್ನು ಕೇಳಿದ್ರಾ?

ಶಿವಮೊಗ್ಗದ ಸದಸ್ಯ: ಗೆದ್ದಲು ತಿನ್ನುವಾಗ ಮನೆಯವರು ಎಲ್ಲಿದ್ದರು?

ಮೈಸೂರಿನ ಸದಸ್ಯೆ: ಗೆದ್ದಲೂ ಯಾರನ್ನೂ ಕೇಳಲಿಲ್ಲ, ನೀವೂ ಕೇಳಲಿಲ್ಲ.

ತುಮಕೂರಿನ ಸದಸ್ಯ: ಜಗಳ ಬೇರೆ ಕಡೆ ಇಟ್ಕೊಳ್ಳಿ.

ಶಿವಮೊಗ್ಗದ ಸದಸ್ಯ: ಫಾರ್ವರ್ಡ್ ರಾಯರು ಹೇಳಿದ ಮೇಲೆ ಮುಗೀತು.

ಹಾಸನದ ಸದಸ್ಯ: ಹಳೆ ಮುಖಪುಟದ ಚಿತ್ರ ಹಾಗೇ ಬಳಸಬಹುದಾ?

ಮಂಗಳೂರಿನ ಸದಸ್ಯ: ಬಾಸೆಲ್ ಮಿಶನ್ ಅಚ್ಚು ಹಾಕಿದ ಕಿಟೆಲ್ ನಿಘಂಟು?

ವಕೀಲರು: ಕಿಟೆಲ್ ತೀರಿದ್ದು 1903ರಲ್ಲಿ. 1894ರ ಮುದ್ರಣ ಧಾರಾಳವಾಗಿ ಬಳಸಿ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಮದ್ರಾಸು ವಿಶ್ವವಿದ್ಯಾಲಯದ ಆವೃತ್ತಿ ಬೇರೆ, ಅದನ್ನು ಮುಟ್ಟಬೇಡಿ.

ಕಲಬುರಗಿಯ ಸದಸ್ಯ: ಮೇಡಂ, 1965ರ ಪುಸ್ತಕ, ಪ್ರಕಾಶನ ಇಲ್ಲ. ಮುದ್ರಿಸಬಹುದಾ?

ವಕೀಲರು: ಮೇಲೆ ಓದಿ.

ಹಾಸನದ ಸದಸ್ಯ: ಮುಖಪುಟದ ಬಗ್ಗೆ ಕೇಳಿದ್ದೆ.

ಧಾರವಾಡದ ಸದಸ್ಯ: ಮೇಡಂ, ಸಣ್ಣ ಅತ್ತೆ ಸಹಿ ಹಾಕಲ್ಲ ಅಂತಾರೆ.