ಸಹಾಯ ಬೇಕು: ಅನಾಲ್ಜಿನ್ ಮಾತ್ರೆ, ಬಿಳಿ ರಕ್ತಕಣ

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ. ದೊಡ್ಡಪ್ಪನಿಗೆ ಜ್ವರ, ಗಂಟಲು ನೋವು, ಬಾಯಿ ತುಂಬ ಹುಣ್ಣು. ರಕ್ತ ಪರೀಕ್ಷೆಯಲ್ಲಿ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) 500ಕ್ಕಿಂತ ಕಡಿಮೆ! ಮಂಗಳೂರಿನಲ್ಲಿ ಅಡ್ಮಿಟ್ ಆಗಿದ್ದಾರೆ, ಈಗ ಸ್ವಲ್ಪ ಪರವಾಗಿಲ್ಲ. ಸೊಂಟನೋವಿಗೆ ನುಂಗುತ್ತಿದ್ದ ಮದ್ದಿನ ಮೇಲೆ ಡಾಕ್ಟರಿಗೆ ಸಂಶಯ. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಟ್ಟದ್ದರಿಂದ ಹಿಂದಿನ ಬೆಳ್ಳಿ ಹಾಳೆಯಲ್ಲಿ ‘ಟಾಮಿಜೋಲ್’ ಅಂತ ಮಾತ್ರ ಉಳಿದಿದೆ. ಮೆಟಾಮಿಜೋಲ್, ಅಂದರೆ ನಮ್ಮ ಹಳೇ ಅನಾಲ್ಜಿನ್.

ಇದರ ಮೇಲಿನ ಸಂಶೋಧನೆ ಓದಿದರೆ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. 1986ರ ಬಾಸ್ಟನ್ ಅಧ್ಯಯನದಲ್ಲಿ ಒಂದು ವಾರ ನುಂಗಿದ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬಿಳಿ ರಕ್ತಕಣ ಹೀಗೆ ಕುಸಿಯುತ್ತದೆ ಅಂತಿದೆ. 2002ರ ಸ್ವೀಡನ್ ಅಧ್ಯಯನದಲ್ಲಿ ಡಾಕ್ಟರು ಬರೆದುಕೊಟ್ಟ ಸುಮಾರು 1,400 ಮದ್ದಿನ ಚೀಟಿಗೆ ಒಂದು! ಅಮೆರಿಕದಲ್ಲಿ 1977ರಲ್ಲೇ ನಿಲ್ಲಿಸಿದ್ದಾರೆ. ನಮ್ಮಲ್ಲಿ 2013ರಲ್ಲಿ ನಿಲ್ಲಿಸಿ, 2014ರಲ್ಲಿ ಷರತ್ತು ಹಾಕಿ ಮತ್ತೆ ಬಿಟ್ಟರು.

ಇಷ್ಟೊಂದು ವ್ಯತ್ಯಾಸ ಯಾಕೆ? ಲೆಕ್ಕ ಹಾಕುವ ರೀತಿಯಾ, ವಂಶವಾಹಿಯಾ? ಗುಂಪಿನಲ್ಲಿರುವ ಡಾಕ್ಟರುಗಳು, ಫಾರ್ಮಸಿ ಓದಿದವರು ದಯವಿಟ್ಟು ಬಿಡಿಸಿ ಹೇಳಿ. ಭಾರತದ ಅಧ್ಯಯನ ಯಾವುದಾದರೂ ಇದ್ದರೆ ಕಳಿಸಿ. ದೊಡ್ಡಮ್ಮನೂ ಇದೇ ಮಾತ್ರೆ ನುಂಗುತ್ತಿದ್ದರು, ಸದ್ಯ ನಿಲ್ಲಿಸಿದ್ದೇವೆ. ಅವರಿಗೂ ರಕ್ತ ಪರೀಕ್ಷೆ ಮಾಡಿಸಬೇಕಾ?

ಇನ್ನೊಂದು: ಮದ್ದಿನ ಅಡ್ಡಪರಿಣಾಮವನ್ನು ಮನೆಯವರೇ ಸರಕಾರಕ್ಕೆ ವರದಿ ಮಾಡಬಹುದು. ಆ ಫಾರಂ ತುಂಬಿ ಗೊತ್ತಿರುವವರು ಕಾಸರಗೋಡು, ಕುಂಬಳೆ ಕಡೆ ಇದ್ದರೆ ಇಲ್ಲೇ ಕೆಳಗೆ ಬರೆಯಿರಿ.