‘ಲಿಂಗತ್ವ’, ‘ಲೈಂಗಿಕ’: ಮಕ್ಕಳ ಪಾಠಕ್ಕೆ ಯಾವ ಪದ?

10ರಿಂದ 14 ವರ್ಷದ ಮಕ್ಕಳಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ. ಬೆಳೆಯುವ ಮೈ, ಗಂಡು-ಹೆಣ್ಣು ಎಂಬ ಭಾವ, ಇಷ್ಟು ವಿಷಯ. ಮನೆಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಹೆತ್ತವರು ಮೊದಲು ಕೇಳಿ ಒಪ್ಪಬೇಕು, ಆಮೇಲೆ ಪಾಠ. ಪದಗಳ ಹತ್ತಿರವೇ ತಡೆದು ನಿಂತಿದ್ದೇನೆ.

‘ಲೈಂಗಿಕ ಶಿಕ್ಷಣ’ ಎಂದ ಕೂಡಲೇ ಒಬ್ಬ ತಾಯಿ, “ಇಷ್ಟು ಚಿಕ್ಕವರಿಗೆ ಅದನ್ನೆಲ್ಲ ಹೇಳಿಕೊಡ್ತೀರಾ?” ಎಂದು ಎದ್ದುಬಿಟ್ಟರು. ಅವರದು ತಪ್ಪು ಅನ್ನಲಾರೆ. ಲೈಂಗಿಕ ಕಿರುಕುಳ, ಲೈಂಗಿಕ ದೌರ್ಜನ್ಯ, ಲೈಂಗಿಕ ರೋಗ. ಈ ಪದ ಕಿವಿಗೆ ಬೀಳುವುದೇ ಜಾಸ್ತಿ ಕೆಟ್ಟ ಸುದ್ದಿಯ ಜೊತೆ, ಅಲ್ವಾ? ಯುನೆಸ್ಕೊ 2018ರಲ್ಲಿ ತಿದ್ದಿ ಹೊರತಂದ ಮಾರ್ಗಸೂಚಿಯಲ್ಲಿ ಈ ಕಲಿಕೆ 5ನೇ ವಯಸ್ಸಿಗೇ ಶುರುವಾಗುತ್ತದೆ. ಆ ವಯಸ್ಸಿಗೆ ಮೈಯ ಭಾಗಗಳ ಹೆಸರು, ಬೇಡದ ಮುಟ್ಟುವಿಕೆಗೆ ‘ಬೇಡ’ ಅನ್ನುವುದು, ನಂಬಿದ ದೊಡ್ಡವರಿಗೆ ಹೇಳುವುದು, ಇಂಥವು. ಇದನ್ನು ಬಿಡಿಸಿ ಹೇಳಿದಾಗ ಅದೇ ತಾಯಿ ಕೂತು ಕೊನೆವರೆಗೂ ಕೇಳಿದರು. ಅವರಿಗೆ ಬೇಡವಾಗಿದ್ದದ್ದು ಪಾಠವಲ್ಲ, ಅದರ ಹೆಸರು. ಈಗ ‘ಮೈಯರಿವು’ ಎಂದು ಬರೆದಿದ್ದೇನೆ. ಆದರೆ ವಿಷಯವನ್ನೇ ಮುಚ್ಚಿಟ್ಟ ಹಾಗೆ ಆಯಿತೇನೋ ಎಂಬ ಅಳುಕು ಹೋಗಿಲ್ಲ.

ಗಂಡು-ಹೆಣ್ಣು ಎಂಬ ಭಾವಕ್ಕೆ ಇಂಗ್ಲಿಷಿನಲ್ಲಿರುವ ‘ಜೆಂಡರ್’ ಎಂಬ ಪದ ಇನ್ನೂ ಕಷ್ಟ. ‘ಲಿಂಗ’ ವ್ಯಾಕರಣದಲ್ಲಿದೆ, ಅರ್ಜಿಯಲ್ಲಿದೆ, ಗುಡಿಯಲ್ಲಿದೆ, ಮೈಯಲ್ಲೂ ಇದೆ. ಇಂಗ್ಲಿಷಿನಲ್ಲೂ ‘ಜೆಂಡರ್’ ಹೆಚ್ಚಾಗಿ ವ್ಯಾಕರಣದ ಪದವೇ ಆಗಿತ್ತು. 1955ರಲ್ಲಿ ಜಾನ್ ಮನಿ ಎಂಬ ಮನಶ್ಶಾಸ್ತ್ರಜ್ಞ ಅದನ್ನು ಮನುಷ್ಯರ ನಡೆಗೆ ಹಚ್ಚಿದರು. ಆದರೆ ಇಂಗ್ಲಿಷಿನಲ್ಲಿ ಮೈಗೆ ‘ಸೆಕ್ಸ್’ ಎಂಬ ಬೇರೆ ಪದ ಇತ್ತು. ನಮ್ಮಲ್ಲಿ ಎರಡಕ್ಕೂ ಒಂದೇ ಬೇರು. ‘ಲಿಂಗತ್ವ’ ಪತ್ರಿಕೆಗಳಲ್ಲಿ ಬರುತ್ತದೆ ನಿಜ, ಆದರೆ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದೇ ಜಾಸ್ತಿ. ಹಾಗಾಗಿ ಅದು ಕೆಲವರಿಗೆ ಮಾತ್ರ ಇರುವಂಥದ್ದು ಎಂದು ಜನ ತಿಳಿದಿದ್ದಾರೆ. “ನಿಮಗೂ ಲಿಂಗತ್ವ ಇದೆ” ಎಂದರೆ ಬೆಚ್ಚುತ್ತಾರೆ. ‘ಹೆಣ್ತನ’ ಸರಿ, ‘ಗಂಡಸ್ತನ’ದ ಅರ್ಥ ಬೇರೆಲ್ಲೋ ಹೋಗಿದೆ. ‘ನಪುಂಸಕ’ ಬೇಡವೇ ಬೇಡ. ವ್ಯಾಕರಣದಲ್ಲಿ ಅದು ಮರ, ಕಲ್ಲು. ಆಟದ ಬಯಲಲ್ಲಿ ಒಂದು ಮಗುವನ್ನು ಅಳಿಸುವ ಬೈಗುಳ.

ಇನ್ನೊಂದು ಕೊರತೆ ಬರೆಯುತ್ತಾ ಕಂಡಿತು. ಹುಡುಗಿ ‘ಮೈನೆರೆದಳು’, ‘ದೊಡ್ಡವಳಾದಳು’ ಎನ್ನುತ್ತೇವೆ. ಹುಡುಗನಿಗೆ? ‘ಮೀಸೆ ಚಿಗುರಿತು’, ‘ಗಂಟಲು ಒಡೆಯಿತು’, ಅಷ್ಟೇ. ನಿದ್ದೆಯಲ್ಲಿ ವೀರ್ಯ ಹೋದರೆ ‘ಸ್ವಪ್ನಸ್ಖಲನ’ ಎಂಬ ಪುಸ್ತಕದ ಪದ ಇದೆ, ಯಾವ ಹುಡುಗನೂ ಆಡುವ ಮಾತಲ್ಲ. ಹೆಸರಿಲ್ಲದ್ದನ್ನು ಕೇಳುವುದು ಹೇಗೆ? ರೋಗ ಬಂತು ಎಂದು ಹೆದರಿ ಸುಮ್ನೆ ಇದ್ದುಬಿಡುತ್ತಾರೆ.

ಬಲ್ಲವರು ತಿಳಿಸಿ. ‘ಜೆಂಡರ್’ ಹಾಗೇ ಇಡಲೇ, ‘ಗಂಡು-ಹೆಣ್ಣು ಭಾವ’ ಎನ್ನಲೇ? ಹಾಗೆಂದರೆ ಎರಡರಲ್ಲೂ ಸೇರದ ಮಗು ಹೊರಗೆ ಉಳಿಯುತ್ತದೆ. ಹುಡುಗರು ದೊಡ್ಡವರಾಗುವುದಕ್ಕೆ ನಿಮ್ಮ ಕಡೆಯ ಆಡುಮಾತಿನಲ್ಲಿ, ಬೈಗುಳವಾಗಲಿ ತಮಾಷೆಯಾಗಲಿ ಅಲ್ಲದ ಪದ ಇದ್ದರೆ ಅದನ್ನೂ ಬರೆಯಿರಿ.