ಅಪ್‌ಡೇಟ್: ಯಾಜಕಕಾಂಡ ದಾಟಿದೆ!

ಮೊದಲ ಪುಸ್ತಕವಾದ ಆದಿಕಾಂಡದಿಂದ ಬೈಬಲ್ ಓದಲು ಶುರು ಮಾಡಿದರೆ ಪ್ರತಿ ಸಲ ಮೂರನೇ ಪುಸ್ತಕವಾದ, ಬಲಿಗಳ ನಿಯಮಗಳಿರುವ ಯಾಜಕಕಾಂಡದಲ್ಲೇ ನಿಂತುಬಿಡುತ್ತದೆ, ಏನು ಮಾಡಲಿ ಎಂದು ಇಲ್ಲಿ ಪ್ರಶ್ನೆ ಹಾಕಿದ್ದೆ ಅಲ್ವಾ? ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದಂತೆ ಮೊದಲು ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ ಓದಿದೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಆದರೆ ಕಣ್ಣು ತೆರೆಸಿದ್ದು ಹೊಸ ಒಡಂಬಡಿಕೆಯಲ್ಲಿರುವ ಇಬ್ರಿಯರಿಗೆ ಬರೆದ ಪತ್ರಿಕೆ. ಅದರ 9ನೇ ಅಧ್ಯಾಯವನ್ನೂ ಯಾಜಕಕಾಂಡದ 16ನೇ ಅಧ್ಯಾಯವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ಮಹಾಯಾಜಕನು ವರ್ಷಕ್ಕೊಮ್ಮೆ ಬಲಿಪಶುಗಳ ರಕ್ತ ತೆಗೆದುಕೊಂಡು ಪರದೆಯ ಒಳಗೆ, ಅಂದರೆ ಅತಿ ಪವಿತ್ರ ಸ್ಥಳಕ್ಕೆ, ಹೋಗುತ್ತಿದ್ದ. ಕ್ರಿಸ್ತನು ತನ್ನ ಸ್ವಂತ ರಕ್ತದಿಂದ ಒಂದೇ ಸಾರಿ ಪ್ರವೇಶಿಸಿದನು. ಇದು ಗೊತ್ತಾದ ಮೇಲೆ ಆ ಬಲಿಗಳ ನಿಯಮಗಳು ಸುಮ್ನೆ ಉದ್ದದ ಪಟ್ಟಿ ಅನ್ನಿಸಲಿಲ್ಲ.

ಈಗ ದಿನಕ್ಕೆ ಇಷ್ಟು ಅಧ್ಯಾಯ ಎಂಬ ಲೆಕ್ಕ ಬಿಟ್ಟಿದ್ದೇನೆ. ಪ್ರಾರ್ಥಿಸಿ, ನಿಧಾನವಾಗಿ ಓದುತ್ತೇನೆ. ಯಾಜಕಕಾಂಡದ ನಂತರ ಬರುವ ಅರಣ್ಯಕಾಂಡದ ಜನಗಣತಿ ಮಾತ್ರ (ಕ್ಷಮಿಸಿ) ಇನ್ನೂ ನಿದ್ದೆ ತರಿಸುತ್ತದೆ.